ನನ್ನ ಹೆಸರಿನ ಬಸಿರು

ನಾನು ಬಸುರಿ ಎಂಬ ಸುದ್ದಿ ನನಗೆ ಗೊತ್ತಾದದ್ದು ಮೀನಿನ ಅಂಗಡಿಯಲ್ಲಿ.

ನೂಡಲ್ಸಿನ ಸಾರಿಗೆ ಚಿಪ್ಪುಮೀನು ಕೊಳ್ಳಲು ಹೋಗಿದ್ದೆ. ಮೀನಿನವಳು ತೂಕ ಹಾಕಿದ ಮೇಲೆ ಇನ್ನೂ ಎರಡು ಹಿಡಿ ನನ್ನ ಬುಟ್ಟಿಗೆ ಸುರಿದಳು. ನಮ್ಮ ಪೋಹಾಂಗ್ ಊರಿನ ಮಾರುಕಟ್ಟೆಯಲ್ಲಿ ಅವಳು ಹಾಗೆ ಯಾರಿಗೂ ಸುರಿದವಳಲ್ಲ.

"ಇನ್ಮೇಲೆ ಇಬ್ರ ಊಟ ಮಾಡ್ಬೇಕಲ್ಲಮ್ಮಾ," ಎಂದು ನಕ್ಕಳು. "ಮದುವೆಯಾಗಿ ಒಂಬತ್ತು ವರ್ಷಕ್ಕೆ! ನಿಮ್ಮತ್ತೆ ಬೆಳಿಗ್ಗೆ ಬಂದು ಹೇಳಿದ್ರು. ನಂಗೇ ಕಣ್ಣಲ್ಲಿ ನೀರು ಬಂತು. ಎಷ್ಟು ತಿಂಗ್ಳು?"

ನನಗೇ ಗೊತ್ತಿಲ್ಲ ಎಂದು ಹೇಳುವುದಕ್ಕಾಗುತ್ತದೆಯೇ? ಸುಮ್ಮನೆ ತಲೆ ಆಡಿಸಿ, ಬುಟ್ಟಿ ಎತ್ತಿಕೊಂಡು ನಮ್ಮ ಅಂಗಡಿಗೆ ಬಂದೆ. ಅತ್ತೆ ಹಿಟ್ಟಿನ ಹಾಳೆ ಮಡಚಿ ನೂಡಲ್ಸ್ ಕೊಯ್ಯುತ್ತಿದ್ದರು. ಚಾಕು ಒಂದೇ ಸಮನೆ ಟಕಟಕ ಎನ್ನುತ್ತಿತ್ತು.

"ಯಾರು ಬಸುರಿ?" ಎಂದು ಕೇಳಿದೆ.

"ಬಾಗಿಲು ಹಾಕು," ಎಂದರು ಅತ್ತೆ.

ಬಸುರಿಯಾಗಿದ್ದವಳು ಮಹಡಿಯ ಮೇಲಿದ್ದಳು. ನನ್ನ ಗಂಡ ತೆಸಿಕ್‌ನ ತಂಗಿ, ಬೊರಮ್. ಬೂಸಾನಿನ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಹುಡುಗಿ, ಚಳಿ ಶುರುವಾಗುವ ಮೊದಲೇ ದಪ್ಪ ಕೋಟು ತೊಟ್ಟು ಮನೆಗೆ ಬಂದಳು. ಒಳಗೆ ಬಂದ ಮೇಲೂ ಕೋಟು ತೆಗೆಯಲಿಲ್ಲ. ಅತ್ತೆಯೇ ಗುಂಡಿ ಬಿಚ್ಚಿ ನೋಡಿದರು. ಬಸಿರಿಗೆ ಕಾರಣನಾದ ಹುಡುಗ ಫೋನ್ ನಂಬರು ಬದಲಾಯಿಸಿಕೊಂಡು ಕೂತಿದ್ದ. ಅಂದಿನಿಂದ ಬೊರಮ್‌ಗೆ ಮೆಟ್ಟಿಲು ಇಳಿಯುವ ಅಪ್ಪಣೆ ಇರಲಿಲ್ಲ.

"ಅವಳಿಗೆ ಮದುವೆ ಆಗ್ಬೇಕು, ನಿಂಗೆ ಮಗು ಆಗ್ಬೇಕು," ಎಂದರು ಅತ್ತೆ, ಕೈ ನಿಲ್ಲಿಸದೆ. "ದೇವರು ಎರಡಕ್ಕೂ ಒಂದೇ ಮನೇಲಿ ದಾರಿ ಮಾಡಿದಾನೆ. ಇದ್ರಲ್ಲಿ ಮುಖ ಊದಿಸ್ಕೊಳ್ಳೋದು ಏನಿದೆ?"

"ಮಾರ್ಕೆಟ್ಟಿಗೆಲ್ಲ ಸಾರೋ ಮೊದ್ಲು ನನ್ನನ್ನ ಒಂದು ಮಾತು ಕೇಳ್ಬಹುದಿತ್ತು."

"ಕೇಳಿದ್ರೆ ಬೇಡ ಅಂತಿದ್ಯಾ?"

ಮೈ ಉರಿದದ್ದು ಆಗಲೇ. ಬೇಡ ಎನ್ನುತ್ತಿರಲಿಲ್ಲ, ಅದು ಅವರಿಗೆ ಗೊತ್ತಿತ್ತು. ಒಂಬತ್ತು ವರ್ಷ ನಾನು ಕುಡಿಯದ ಕಷಾಯವಿಲ್ಲ, ಚುಚ್ಚಿಸಿಕೊಳ್ಳದ ಸೂಜಿಯಿಲ್ಲ. ನಮ್ಮ ಓಣಿಯಲ್ಲಿ ಹೆಂಗಸರಿಗೆ ಅವರದೇ ಹೆಸರಿರುವುದಿಲ್ಲ. ಅತ್ತೆ ಎಲ್ಲರಿಗೂ 'ತೆಸಿಕ್ ಅಮ್ಮ'. ಎದುರಿನ ಅಂಗಡಿಯವಳು ತನ್ನ ಮಗಳ ಹೆಸರಿನ ಅಮ್ಮ. ನಾನು ಮಾತ್ರ ಮೂವತ್ತಾರು ದಾಟಿದರೂ 'ನೂಡಲ್ಸ್ ಅಂಗಡಿ ಸೊಸೆ'. ನನ್ನ ಹೆಸರು ಮಿರಾನ್ ಎಂದು ಅಲ್ಲಿ ಎಷ್ಟು ಜನಕ್ಕೆ ಗೊತ್ತೋ ಕಾಣೆ. ನನ್ನ ಆಸೆ ಎಲ್ಲಿದೆ ಎಂದು ನೋಡಿಕೊಂಡು ಅಲ್ಲಿಗೇ ಕೈ ಹಾಕಿದ್ದರು ಅತ್ತೆ.

ರಾತ್ರಿ ಊಟಕ್ಕೆ ಕೂತಾಗ ತೆಸಿಕ್ ಅನ್ನದ ಬಟ್ಟಲಿನಿಂದ ತಲೆ ಎತ್ತಲಿಲ್ಲ. ಉಕ್ಕಿನ ಕಾರ್ಖಾನೆಯಲ್ಲಿ ಬೆಂಕಿಯ ಪಕ್ಕ ನಿಂತು ಕೆಲಸ ಮಾಡುವ ಗಂಡಸು, ತಾಯಿಯ ಮುಂದೆ ಮಾತ್ರ ಮೂಲಂಗಿ ಚೂರನ್ನು ಅತ್ತಿಂದಿತ್ತ ಸರಿಸುತ್ತ ಕೂತಿರುತ್ತಾನೆ.

"ನಿಮಗೆ ಮೊದ್ಲೇ ಗೊತ್ತಿತ್ತೇನ್ರೀ?" ಎಂದೆ.

"ಅಮ್ಮ ಏನೋ ಹೇಳ್ತಿದ್ಲು..." ಎಂದ. "ಈಗ ಊರಿಗೆಲ್ಲ ಹೇಳ್ಬಿಟ್ಟಿದಾಳೆ, ಮಿರಾನ್. ನೀನು ಇಲ್ಲ ಅಂದ್ರೆ ಅವಳ ಮುಖ ಏನಾಗ್ಬೇಕು?"

"ನನ್ನ ಮುಖ?"

"ನಿನ್ನ ಮುಖಕ್ಕೇನಾಗಿದೆ? ಚೆನ್ನಾಗೇ ಇದ್ಯಲ್ಲ," ಎಂದರು ಅತ್ತೆ. ಬೊರಮ್‌ಳ ಬಟ್ಟಲಿಗೆ ಮೀನಿನ ಹೊಟ್ಟೆಯ ಭಾಗ ಹಾಕಿ, ಮುಳ್ಳನ್ನು ತಾವೇ ಬಿಡಿಸಿದರು. "ತಿನ್ನೇ. ಸೊರಗ್ಬೇಡ."

"ಯಾರ ಮಗೂಗೋಸ್ಕರ ತಿನ್ಲಿ ಅಂತ ಹೇಳ್ಬಿಡಮ್ಮಾ," ಎಂದಳು ಬೊರಮ್. "ಲೆಕ್ಕ ತಪ್ತಾ ಇದೆ ನಂಗೆ."

ಅತ್ತೆಯ ಕೈಯಲ್ಲಿದ್ದ ಚಾಪ್‌ಸ್ಟಿಕ್ಕು ಮೇಜಿಗೆ ಬಿತ್ತು. ಬೊರಮ್ ಮೀನು ಮುಟ್ಟದೆ ಎದ್ದು ತನ್ನ ಕೋಣೆಗೆ ಹೋದಳು.

ಆ ವಾರವೇ ಅತ್ತೆ ಹಳೆಯ ರಜಾಯಿ ಬಿಚ್ಚಿ, ಹತ್ತಿ ತೆಗೆದು, ನನಗೊಂದು ಹೊಟ್ಟೆ ಹೊಲಿದರು. ಹಿಂದೆ ಎರಡು ಲಾಡಿ. ಚಳಿಗಾಲದ ಉಪ್ಪಿನಕಾಯಿ, ಕಿಮ್ಚಿ, ಹಾಕುವ ದಿನ ಓಣಿಯ ಹೆಂಗಸರೆಲ್ಲ ನಮ್ಮ ಅಂಗಡಿಯಲ್ಲಿ ಸೇರಿ ಎಲೆಕೋಸಿಗೆ ಖಾರ ಸವರುತ್ತಿದ್ದಾಗ ನಾನು ಆ ಹೊಟ್ಟೆ ಕಟ್ಟಿಕೊಂಡು ಕುರ್ಚಿಯ ಮೇಲೆ ಕೂತಿದ್ದೆ. ಬಗ್ಗಬೇಡ, ಎತ್ತಬೇಡ ಎಂದು ಎಲ್ಲರೂ ಗದರಿಸಿದರು. ನಿಜವಾದ ಬಸುರಿ ಮೇಲಿನ ಬಚ್ಚಲಲ್ಲಿ, ತಣ್ಣೀರಿನಲ್ಲಿ, ಉಪ್ಪು ಹಾಕಿದ ಕೋಸು ತೊಳೆದು ತೊಳೆದು ಕೆಳಗೆ ಕಳಿಸುತ್ತಿದ್ದಳು. ಆ ಹೊತ್ತಿನಲ್ಲೇ ಲಾಡಿ ಬಿಚ್ಚಿ ಖಾರದ ಬೋಗುಣಿಗೆ ಎಸೆಯಬೇಕಿತ್ತು ಅನ್ನಿಸುತ್ತದೆ.

ಸಮಾಲೋಚಕಿಯನ್ನು ಹುಡುಕಿಕೊಂಡವಳು ಬೊರಮ್ ತಾನೇ. ಮಗುವನ್ನು ದತ್ತು ಕೊಡುವ ಯೋಚನೆಯಲ್ಲಿರುವ ಬಸುರಿಯರ ಜೊತೆ ಮಾತಾಡುವ ಒಂದು ಕೇಂದ್ರ ಗುಡ್ಡದ ರಸ್ತೆಯಲ್ಲಿತ್ತು. ಫೋನ್ ಮಾಡಿ ದಿನ ಗೊತ್ತು ಮಾಡಿಕೊಂಡ ಮೇಲೆ ಮನೆಯಲ್ಲಿ ಹೇಳಿದಳು. ಅತ್ತೆ ಕೂಗಾಡುತ್ತಾರೆ ಎಂದುಕೊಂಡೆ. ಅವರು ಒಂದು ಕ್ಷಣ ಯೋಚಿಸಿ, ತಾವೂ ಬರುತ್ತೇನೆಂದು ಒಳ್ಳೆಯ ಶಾಲು ಹೊದ್ದುಕೊಂಡರು. ಕೆಟ್ಟ ಫ್ರಿಜ್ಜನ್ನು ರಿಪೇರಿಯವನ ಹತ್ತಿರ ಒಯ್ಯುವ ಲೆಕ್ಕ ಅವರದು. ನನ್ನನ್ನೂ ಎಳೆದುಕೊಂಡು ಹೋದರು.

ಸಮಾಲೋಚಕಿಯ ಹೆಸರು ಬಾಂಗ್. ಐವತ್ತರ ಆಸುಪಾಸಿನ ಹೆಂಗಸು, ಮೊಣಕೈ ಸವೆದ ಸ್ವೆಟರು. ಮೂವರಿಗೂ ಬಾರ್ಲಿ ಟೀ ಕೊಟ್ಟು ಕೂತರು.

"ಮೇಡಂ, ಇವಳಿಗೆ ಸ್ವಲ್ಪ ಬುದ್ಧಿ ಹೇಳಿ," ಎಂದು ಅತ್ತೆ ಶುರು ಮಾಡಿದರು. "ಮಗೂನ ಇವಳ ಅತ್ತಿಗೇಗೇ ಕೊಡೋದು ಅಂತ ತೀರ್ಮಾನ ಆಗಿದೆ. ಯಾರಿಗೂ ಗೊತ್ತಾಗದ ಹಾಗೆ ಹೇಗೆ ಮಾಡೋದು ಅಂತ ನೀವು ಹೇಳಿದ್ರೆ ಸಾಕು."

"ತೀರ್ಮಾನ ಎಲ್ಲಾಯ್ತು?"

"ಮನೇಲಿ."

"ಮನೇಲಿ ಯಾರು ಮಾಡಿದ್ದು?"

"ಇನ್ಯಾರು, ನಾನೇ."

ಬಾಂಗ್ ಮೇಡಂ ಬೊರಮ್‌ಳನ್ನು ನೋಡಿದರು. ಬೊರಮ್ ಟೀ ಲೋಟ ನೋಡುತ್ತಿದ್ದಳು. "ಅಮ್ಮಾ, ನೀವು ಸ್ವಲ್ಪ ಹೊರಗೆ ಕೂತಿರ್ತೀರಾ?" ಎಂದರು ಮೇಡಂ.

"ನಾನು ಇವಳ ತಾಯಿ!"

"ಅದಕ್ಕೇ ಹೊರಗೆ ಕೂತ್ಕೊಳ್ಳಿ ಅಂದಿದ್ದು."

ಹೊರಗಿನ ಬೆಂಚಿನಲ್ಲಿ ಅತ್ತೆ ಕುದಿಯುತ್ತ ಕೂತರು. ಹೀಟರಿನ ಮುಂದೆ ಬೂಟು ಕಳಚಿ ಕಾಲು ಚಾಚಿ, ಯಾರಿಗೂ ಕೇಳಿಸದಿರಲಿ ಎಂಬಂತೆ ಅಲ್ಲ, ಕೇಳಿಸಲೆಂದೇ ಗೊಣಗಿದರು. "ನೀರಿನಂಥ ಟೀ ಕೊಟ್ಟು ಪ್ರಶ್ನೆ ಕೇಳೋದಕ್ಕೆ ಸರ್ಕಾರ ಇವಳಿಗೆ ಸಂಬಳ ಕೊಡುತ್ತೆ. ಸಲಹೆ ಕೊಡೋಳು ಸಲಹೆ ಕೊಡ್ಬೇಕು ತಾನೇ? ಬಾಯಲ್ಲಿ ಒಂದೂ ಉತ್ತರ ಇಲ್ಲ." ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ಮೇಡಂ ನನ್ನನ್ನು ಕರೆದರು. ಬೊರಮ್ ಹೇಳಿ ಕರೆಸಿದ್ದಳಂತೆ.

ಒಳಗೆ ಕೂತ ಕೂಡಲೇ ಮೇಡಂ ಕೇಳಿದರು: "ಈ ಮಗು ನಿಮಗೆ ಬೇಕಾ?"

ಇಷ್ಟು ದಿನದಲ್ಲಿ ಯಾರೂ ಕೇಳಿರಲಿಲ್ಲ. ಅತ್ತೆ ಕೇಳಿರಲಿಲ್ಲ, ಗಂಡ ಕೇಳಿರಲಿಲ್ಲ. ಗುರುತಿಲ್ಲದ ಹೆಂಗಸೊಬ್ಬಳು ಕೇಳಿದ್ದಕ್ಕೆ ನನಗೆ ಅವರ ಮೇಲೇ ಸಿಟ್ಟು ಬಂತು. ನಾನು ಹೊಟ್ಟೆಗೆ ಕಟ್ಟಿದ್ದ ರಜಾಯಿ ಅವರ ಕಣ್ಣಿಗೆ ಬೀಳುತ್ತಿತ್ತು, ಅದಕ್ಕೂ ಸಿಟ್ಟು ಬಂತು.

"ಬೇಕು," ಎಂದೆ. "ಎಷ್ಟು ಬೇಕು ಅಂತ ಹೇಳಕ್ಕಾಗಲ್ಲ. ಆದ್ರೆ ಇವಳ ಕೈಯಿಂದ ಕಿತ್ಕೊಂಡು ಬೇಡ."

ಬೊರಮ್ ನನ್ನ ಮಣಿಕಟ್ಟು ಹಿಡಿದುಕೊಂಡಳು. ಮೇಡಂ ಇದ್ದ ದಾರಿಗಳನ್ನು ಬಿಡಿಸಿ ಹೇಳಿದರು. ತಾನೇ ಸಾಕುವುದಾದರೆ ಇರುವುದಕ್ಕೆ ಮನೆ, ಕೈಗೆ ಒಂದಿಷ್ಟು ನೆರವು ಸಿಗುತ್ತದೆ. ಬೇರೆಯವರಿಗೆ ದತ್ತು ಕೊಡಬಹುದು, ಹೆತ್ತು ಒಂದು ವಾರ ಕಳೆಯದೆ ಯಾರೂ ಅವಳಿಂದ ಒಪ್ಪಿಗೆ ತೆಗೆದುಕೊಳ್ಳುವಂತಿಲ್ಲ. ಬೇಕಾದರೆ ನನಗೂ ನನ್ನ ಗಂಡನಿಗೂ ಕಾನೂನಿನ ಪ್ರಕಾರವೇ ಕೊಡಬಹುದು. ಯಾವುದೇ ಆದರೂ ಮೊದಲು ಮಗು ಬೊರಮ್‌ಳ ಹೆಸರಿನಲ್ಲೇ ದಾಖಲಾಗಬೇಕು.

"ಸುಳ್ಳು ಒಂದಕ್ಕೆ ಮಾತ್ರ ನನ್ನ ಹತ್ರ ದಾರಿ ಇಲ್ಲ," ಎಂದರು. ಆಮೇಲೆ ಬೊರಮ್‌ಳ ಕಡೆ ತಿರುಗಿ, "ಆ ಮಗು ನಿಮ್ಮನ್ನ ಏನಂತ ಕರೀಬೇಕು ಅಂತ ನಿಮ್ಮ ಆಸೆ? ಈಗ್ಲೇ ಹೇಳ್ಬೇಕಾಗಿಲ್ಲ. ಯೋಚ್ನೆ ಮಾಡಿ," ಎಂದರು.

ಬೊರಮ್ ಆ ದಪ್ಪ ಕೋಟು ತೊಟ್ಟು ಪ್ರತಿ ವಾರ ಹೋಗಿ ಬಂದಳು. ಅತ್ತೆ ಮತ್ತೆ ಹೋಗಲಿಲ್ಲ, ತಡೆಯುವುದಕ್ಕೂ ಆಗಲಿಲ್ಲ. ಹೊಸ ವರ್ಷದ ಅಕ್ಕಿ ಕಡುಬಿನ ಸೂಪಿಗೆ ಕೂತ ದಿನ ಬೊರಮ್ ತನ್ನ ಉತ್ತರ ಹೇಳಿದಳು.

"ಅತ್ತಿಗೆಗೇ ಕೊಡ್ತೀನಿ," ಎಂದಳು.

ಅತ್ತೆ ಎರಡೂ ಕೈ ಎತ್ತಿ ಮುಗಿದರು. "ನೋಡಿದ್ಯಾ! ನನ್ನ ಮಗಳು!"

"ಮಾತು ಮುಗೀಲಿಲ್ಲಮ್ಮಾ. ಕೋರ್ಟಲ್ಲಿ ಕೊಡ್ತೀನಿ. ಹೆತ್ತೋಳು ನಾನು, ಸಾಕೋಳು ಅತ್ತಿಗೆ. ಮಗೂಗೆ ಅದು ಗೊತ್ತಿರ್ಬೇಕು, ಓಣಿಗೂ ಗೊತ್ತಿರ್ಬೇಕು. ನಾನು ಹೆತ್ತ ಮಗು ನನ್ನನ್ನ ಸೋದರತ್ತೆ ಅಂತ ಕರ್ಕೊಂಡು ಬೆಳೆಯೋದು ಬೇಡ. ಹಬ್ಬಕ್ಕೆ ಬಂದಾಗ ಕೈಗೆ ಮಿಠಾಯಿ ಕೊಟ್ಟು, ಅತ್ತೆಗೆ ನಮಸ್ಕಾರ ಮಾಡು ಅಂತ ನೀನು ಅದರ ತಲೆ ಬಗ್ಗಿಸ್ತೀಯಲ್ಲ, ಆವಾಗ ನಾನೇನು ಮಾಡ್ಲಿ?"

"ನಿನ್ನ ಹೆಸರಲ್ಲಿ ದಾಖಲಾದ್ರೆ ಯಾವನೇ ನಿನ್ನ ಕಟ್ಕೊಳ್ತಾನೆ? ಗಂಡಿನ ಕಡೆಯವರು ಸರ್ಕಾರಿ ಕಚೇರಿಯಿಂದ ನಿನ್ನ ದಾಖಲೆಯ ಒಂದು ಕಾಗದ ತೆಗೆಸಿದ್ರೆ ಎಲ್ಲ ಬಯಲು!"

"ಬಯಲಾಗ್ಲಿ!"

"ನಿನ್ನ ಅಪ್ಪ ಸತ್ತ ಮೇಲೆ ಈ ಓಣೀಲಿ ತಲೆ ಎತ್ಕೊಂಡು ಬದುಕಿದೀನಿ ಕಣೇ ನಾನು! ಒಬ್ರ ಬಾಯಿಗೆ ಬಿದ್ದಿಲ್ಲ!"

"ನಿನ್ನ ತಲೆ ನಿಂತಿರೋದು ಅತ್ತಿಗೆ ಹೊಟ್ಟೆಗೆ ಕಟ್ಟಿರೋ ಹತ್ತಿ ಮೇಲೆ."

ನಾನು ತೆಸಿಕ್‌ನ ಕಡೆ ನೋಡಿದೆ. ದತ್ತು ತೆಗೆದುಕೊಳ್ಳಲು ಗಂಡ ಹೆಂಡತಿ ಇಬ್ಬರೂ ಒಪ್ಪಬೇಕಿತ್ತು. "ನೀವು ಹೇಳ್ರೀ. ಹೂಂ ಅನ್ನಿ ಸಾಕು," ಎಂದೆ.

"ಅಮ್ಮ ಒಪ್ಪಿದ್ರೆ ನಂದೇನೂ ಅಡ್ಡಿ ಇಲ್ಲ," ಎಂದ. ಸೂಪು ಆರಿಹೋಗಿತ್ತು. ಅದನ್ನೇ ಊದಿ ಊದಿ ಕುಡಿದ. ಆ ದಿನ ಅವನ ತಲೆಯ ಮೇಲೆ ಸುರಿಯಬೇಕೆನ್ನಿಸಿದ ಸೂಪನ್ನು ನಾನು ಯಾಕೆ ಸುರಿಯಲಿಲ್ಲವೋ ಇವತ್ತಿಗೂ ಗೊತ್ತಿಲ್ಲ.

ಅತ್ತೆ ಸೋಲಲಿಲ್ಲ. ದಿನ ತುಂಬುತ್ತ ಬಂದ ಹಾಗೆ ನನ್ನ ಹೊಟ್ಟೆಗೆ ಇನ್ನಷ್ಟು ಹತ್ತಿ ತುಂಬಿದರು. ಕೊನೆಗೆ ಒಂದು ಮಧ್ಯಾಹ್ನ, ಓಣಿಗೆಲ್ಲ ಕಾಣಲಿ ಎಂದು, ನನ್ನನ್ನು ಜೊತೆಗಿಟ್ಟುಕೊಂಡು ಒಣಮೀನಿನ ಅಂಗಡಿಗೆ ಬಾಣಂತಿಯ ಕಡಲ ಸೊಪ್ಪು ಕೊಳ್ಳಲು ಹೋದರು.

ಹೆತ್ತವಳಿಗೆ ಮೊದಲ ತುತ್ತು ಕಡಲ ಸೊಪ್ಪಿನ ಸೂಪು. ಅದಕ್ಕೆಂದೇ ಮಾರುವ ಸೊಪ್ಪು ಆಳೆತ್ತರ ಇರುತ್ತದೆ. ಅದನ್ನು ಮಡಚಬಾರದು, ಮಡಚಿದರೆ ಹೆರಿಗೆ ಕಷ್ಟವಾಗುತ್ತದೆ. ಚೌಕಾಸಿ ಮಾಡಬಾರದು, ಮಾಡಿದರೆ ಮಗುವಿನ ಆಯಸ್ಸಿಗೆ ಕತ್ತರಿ. ಒಂದು ಕಟ್ಟು ಈರುಳ್ಳಿ ಸೊಪ್ಪಿಗೂ ಜಗಳ ಆಡುವ ಹೆಂಗಸರು ಇದೊಂದಕ್ಕೆ ಮಾತ್ರ ಕೇಳಿದಷ್ಟು ಕೊಟ್ಟು, ಮಗುವನ್ನು ಎತ್ತಿಕೊಂಡ ಹಾಗೆ ಎರಡು ತೋಳಿನ ಮೇಲೆ ಉದ್ದಕ್ಕೆ ಹೊತ್ತು ತರುತ್ತಾರೆ.

ಒಣಮೀನಿನ ಅಜ್ಜಿ ಒಳಗಿನಿಂದ ಒಳ್ಳೆಯದನ್ನೇ ಆರಿಸಿ ತಂದಳು. ಬೆಲೆ ಹೇಳಿದಳು.

"ಅಯ್ಯೋ, ಅಷ್ಟಾ? ಸ್ವಲ್ಪ ಕಡಿಮೆ ಮಾಡ್ಕೊಳ್ಳಿ. ಎಷ್ಟು ವರ್ಷದ ಗಿರಾಕಿ ನಾನು," ಎಂದರು ಅತ್ತೆ.

ಅಜ್ಜಿ ಕಣ್ಣು ಕಿರಿದು ಮಾಡಿದಳು. ಅತ್ತೆ ಗಮನಿಸಲಿಲ್ಲ. ಪಕ್ಕದಲ್ಲಿ ನಿಂತವರಿಗೆ ಕೇಳುವ ಹಾಗೆ ಸೊಸೆಗೆ ಸೊಸೆಗೆ ಎನ್ನುತ್ತ, ಅಜ್ಜಿ ಕಡಿಮೆ ಮಾಡುವವರೆಗೂ ಬಿಡಲಿಲ್ಲ. ಕೊಟ್ಟಮೇಲೆ ತಮ್ಮ ಕೈಚೀಲ ಬಿಡಿಸಿ ಹಿಡಿದರು.

"ಮಧ್ಯಕ್ಕೆ ಮಡಚಿ ಇದಕ್ಕೆ ತುರುಕಿ ಬಿಡಿ. ಉದ್ದ ಹೊತ್ಕೊಂಡು ಎಲ್ಲಿ ಹೋಗ್ಲಿ?"

ಅಜ್ಜಿಯ ಕೈ ಸೊಪ್ಪಿನ ಮೇಲೆ ನಿಂತುಬಿಟ್ಟಿತು. "ತೆಸಿಕ್ ಅಮ್ಮಾ, ಬಾಣಂತಿ ಸೊಪ್ಪನ್ನ ಮಡಚಿ ಅಂದ್ಯಾ?"

ಪಕ್ಕದ ಅಂಗಡಿಯಲ್ಲಿ ಮೀನಿನವಳು ಚಾಕು ಕೆಳಗಿಟ್ಟಳು. ಅತ್ತೆ ಬಿಡಿಸಿ ಹಿಡಿದಿದ್ದ ಕೈಚೀಲವನ್ನು ತಟ್ಟನೆ ಮುಚ್ಚಿಕೊಂಡರು. ಒಂಬತ್ತು ವರ್ಷ ಕಾದು ಮೊಮ್ಮಗು ಕಾಣುವ ಅತ್ತೆ ಆ ಮಾತು ಆಡುವುದಿಲ್ಲ. ಬಸಿರೇ ಇಲ್ಲದ ಹೊಟ್ಟೆಗೆ ಕೊಳ್ಳುತ್ತಿದ್ದೇವೆ ಎಂದು ಗೊತ್ತಿದ್ದವರು ಮಾತ್ರ ಆಡುತ್ತಾರೆ. ಅಜ್ಜಿ ನನ್ನ ಹೊಟ್ಟೆಯ ಕಡೆ ಒಂದು ಸಲ ನೋಡಿ, ಆಮೇಲೆ ನಮ್ಮ ಮಹಡಿಯ ಕಿಟಕಿಯ ಕಡೆ ನೋಡಿದಳು.

ಮನೆಗೆ ಬಂದವಳೇ ನಾನು ಅತ್ತೆಯ ಕೋಣೆಗೆ ನುಗ್ಗಿದೆ. ಅವರ ಬೀರುವಿನ ಮೇಲೆ, ಬಿಳಿ ಕಾಗದ ಹಾಸಿ, ಇನ್ನೊಂದು ಕಡಲ ಸೊಪ್ಪು ಉದ್ದಕ್ಕೆ ಮಲಗಿತ್ತು. ಎಲ್ಲೂ ಮಡಿಕೆ ಇರಲಿಲ್ಲ. ವಾರದ ಕೆಳಗೆ ಬಸ್ಸು ಹತ್ತಿ ಎಲ್ಲಿಗೋ ಹೋಗಿ ಬಂದದ್ದು ಅದಕ್ಕೇ ಎಂದು ಆಗ ಗೊತ್ತಾಯಿತು.

"ಇದಕ್ಕೂ ಚೌಕಾಸಿ ಮಾಡಿದ್ರಾ ಅತ್ತೆ?"

ಹಿಂದೆಯೇ ಬಂದಿದ್ದ ಅತ್ತೆ ಕೋಣೆಯ ಬಾಗಿಲು ಹಾಕಿಕೊಂಡರು.

"ಮಗಳದ್ದಕ್ಕೆ ಮಡಿಕೆ ಬೀಳಬಾರ್ದು. ನನ್ನದು ಹೇಗಿದ್ರೂ ಹತ್ತಿ ತಾನೇ, ಮುರಿದ್ರೇನು ಮಡಚಿದ್ರೇನು! ನಂಗೆ ಹೊಟ್ಟೆ ಇಲ್ಲ ಅಂತ ಊರಿನ ಮುಂದೆ ನಿಲ್ಸಿ ತೋರಿಸ್ಬಿಟ್ರಲ್ಲ!" ಲಂಗದೊಳಗೆ ಕೈ ಹಾಕಿ ಲಾಡಿ ಕಿತ್ತು, ಆ ಹೊಟ್ಟೆಯನ್ನು ಅವರ ಕಾಲ ಬುಡಕ್ಕೆ ಎಸೆದೆ. ಆಮೇಲೆ ಕೆಳಗೆ ಹೋಗಿ, ಚಪ್ಪಟೆ ಹೊಟ್ಟೆಯಲ್ಲೇ, ಸಂಜೆಯ ಗಿರಾಕಿಗಳಿಗೆ ನೂಡಲ್ಸ್ ಬಡಿಸಿದೆ.

ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಾಯಿತು, ಒಬ್ಬರೂ ಬಾಯಿ ಬಿಡಲಿಲ್ಲ. ಸಾರು ರುಚಿಯಾಗಿದೆ ಎಂದರು, ಚಳಿ ಜಾಸ್ತಿ ಎಂದರು. ಮಾರನೆಯ ದಿನದಿಂದ ಅತ್ತೆಯೂ ಏನೂ ಆಗದವರ ಹಾಗೆ ನೂಡಲ್ಸ್ ಕೊಯ್ದರು. ಅವರ ಪಾಲಿಗೆ ಜನಕ್ಕೆ ಗೊತ್ತಾಗುವುದು ದೊಡ್ಡದಲ್ಲ, ತಾವು ಬಾಯಿಬಿಟ್ಟು ಹೇಳುವುದೇ ದೊಡ್ಡದು. ಸತ್ತುಹೋದ ಗುಟ್ಟಿಗೆ ಕಾವಲು ಕೂತಿದ್ದರು. ಅದನ್ನು ನೋಡುತ್ತ ಕಡಿದು ಕಡಿದು ನನ್ನ ಹಲ್ಲು ಸವೆದವು.

ಅಷ್ಟಾದರೂ ಕೊನೆಯ ಆಟ ಒಂದು ಬಾಕಿ ಇತ್ತು. ಬೊರಮ್‌ಗೆ ನೋವು ಶುರುವಾದ ದಿನ ನಾವು ಮೂವರೂ ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಹೋದೆವು. ನಾನು ಬೊರಮ್‌ಳನ್ನು ಗಾಲಿಕುರ್ಚಿಯಲ್ಲಿ ಕೂರಿಸುವಷ್ಟರಲ್ಲಿ ಅತ್ತೆ ಕೌಂಟರಿಗೆ ಹೋಗಿ ನನ್ನ ಗುರುತಿನ ಚೀಟಿ ಕೊಟ್ಟುಬಿಟ್ಟಿದ್ದರು. ನನ್ನ ಪರ್ಸಿನಿಂದ ಯಾವಾಗ ತೆಗೆದರೋ.

"ಯೂ ಮಿರಾನ್," ಎಂದು ನರ್ಸು ನನ್ನ ಮನೆತನದ ಹೆಸರೂ ಸೇರಿಸಿ ಕೂಗಿದಳು. "ಹೆರಿಗೆಗೆ ಬಂದಿರೋರು ಯೂ ಮಿರಾನ್, ಒಳಗೆ ಬನ್ನಿ."

ಅತ್ತೆ ಬೊರಮ್‌ಳ ಕುರ್ಚಿ ತಳ್ಳತೊಡಗಿದರು. ನನ್ನ ಕಿವಿಯ ಹತ್ತಿರ ಬಾಗಿ, "ಸುಮ್ನಿರು. ಇನ್ನೊಂದು ಗಂಟೆ ಸುಮ್ನಿರು. ನಿಂಗೆ ಮಗು ಸಿಗುತ್ತೆ," ಎಂದರು.

ಸಿಗುತ್ತಿತ್ತು. ಸುಮ್ಮನಿದ್ದರೆ ಸಾಕಿತ್ತು. ಒಂಬತ್ತು ವರ್ಷ ನಾನು ಬೇಡಿದ್ದು ಆ ಬಾಗಿಲಿನ ಆಚೆ ಇತ್ತು. ಬೊರಮ್ ಬೆವರುತ್ತ ನನ್ನನ್ನೇ ನೋಡುತ್ತಿದ್ದಳು.

"ಯೂ ಮಿರಾನ್ ನಾನು," ಎಂದು ನರ್ಸಿನ ಕೈಯಿಂದ ಚೀಟಿ ಕಿತ್ತುಕೊಂಡೆ. "ಹೆರೋಳು ಇವಳು. ಇವಳ ಹೆಸರು ಬೊರಮ್. ಸರಿಯಾಗಿ ಬರ್ಕೊಳ್ಳಿ."

ಹೆಣ್ಣು ಮಗು. ತಲೆ ತುಂಬ ಕೂದಲು. ನಾನು ಎತ್ತಿಕೊಂಡೆ, ಎತ್ತಿಕೊಳ್ಳಲಿಲ್ಲ ಎಂದು ಯಾಕೆ ಸುಳ್ಳು ಹೇಳಲಿ?

ಆಸ್ಪತ್ರೆಯಿಂದ ಬೊರಮ್ ಮನೆಗೆ ಬರಲಿಲ್ಲ. ಮಗುವನ್ನು ಕರೆದುಕೊಂಡು ಗುಡ್ಡದ ಮೇಲಿನ ಕೇಂದ್ರದ ಕೋಣೆಯಲ್ಲಿ ಉಳಿದಳು. ಅತ್ತೆ ನೋಡಲು ಹೋಗಲಿಲ್ಲ, ದಿನಾ ಕಡಲ ಸೊಪ್ಪಿನ ಸೂಪು ಮಾಡಿ ಡಬ್ಬಿಗೆ ಹಾಕಿ ನನ್ನ ಕೈಯಲ್ಲಿ ಕಳಿಸಿದರು. ಬೊರಮ್ ಡಬ್ಬಿ ಖಾಲಿ ಮಾಡುತ್ತಿದ್ದಳು. ಮಗುವಿಗೆ ಹಾಲು ಕೊಡುತ್ತಿದ್ದಳು, ಅಳುತ್ತಿದ್ದಳು, ಬಾಂಗ್ ಮೇಡಂ ಜೊತೆ ಬಾಗಿಲು ಹಾಕಿಕೊಂಡು ಮಾತಾಡುತ್ತಿದ್ದಳು.

ವಾರ ಮುಗಿಯುವ ಮುನ್ನಾದಿನ ನನ್ನನ್ನು ಹತ್ತಿರ ಕೂರಿಸಿಕೊಂಡಳು.

"ಅಣ್ಣ ಏನಂದ, ಅತ್ತಿಗೆ?"

"ಅಮ್ಮ ಒಪ್ಪಿದ್ರೆ ಅಂದ."

"ಅಮ್ಮ?"

"ಮಗು ಎಲ್ಲಿಂದ ಬಂತು ಅಂತ ಯಾರಾದ್ರೂ ಕೇಳಿದ್ರೆ ಅನಾಥಾಶ್ರಮದಿಂದ ತಂದ್ವಿ ಅನ್ನೋಣ ಅಂದ್ರು. ನೀನು ಮಗೂಗೆ ಯಾರೂ ಅಲ್ಲ ಅನ್ನೋ ಹಾಗಿದ್ರೆ ಮನೆಗೆ ತರಬಹುದಂತೆ."

ಬೊರಮ್ ನಕ್ಕಳು. ಅಂಥ ನಗು ನಾನು ಮತ್ತೆ ನೋಡಿಲ್ಲ. "ನಂಗೆ ಒಬ್ಳಿಗೇ ಸಾಕೋಕ್ಕಾಗಲ್ಲ ಅತ್ತಿಗೆ. ಆಗುತ್ತೆ ಅಂತ ಮೇಡಂ ಹೇಳಿದ್ರು, ಎಷ್ಟೋ ಜನ ಸಾಕ್ತಾರಂತೆ. ನಂಗೆ ಆಗಲ್ಲ. ಯೋಚ್ನೆ ಮಾಡಿ ಮಾಡಿ ಹೇಳ್ತಿದೀನಿ. ಹುಟ್ಟಿದ್ದು ಎಲ್ಲಿ, ಹೆತ್ತೋಳು ಯಾರು ಅಂತ ಮಗೂಗೆ ಮೊದಲಿಂದಾನೇ ಹೇಳೋ ಮನೆ ಆಗ್ಬೇಕು ಅಂದೆ. ಅಂಥ ಗಂಡ ಹೆಂಡತಿ ಇದಾರಂತೆ. ಕಂಡಿಲ್ದೋರು ನಿಜ ಹೇಳ್ತಾರೆ. ನಮ್ಮೋರು ದಿನಾ ಅನ್ನದ ಜೊತೆ ಸುಳ್ಳು ತಿನ್ನಿಸ್ತಾರೆ."

"ನಾನು ತಿನ್ನಿಸ್ತಿರ್ಲಿಲ್ಲ ಕಣೇ."

"ಗೊತ್ತು. ಆದ್ರೆ ನೀವಿರೋದು ಅಮ್ಮನ ಮನೇಲಿ."

ಮಗುವಿನ ಕಾಲು ಸವರುತ್ತ ಕೂತೆ. ನನ್ನ ಗಂಡನನ್ನು, ಅತ್ತೆಯನ್ನು, ಒಳ್ಳೆಯ ಸಾರು ಎನ್ನುತ್ತ ಕಣ್ಣು ತಪ್ಪಿಸಿದ ಓಣಿಯ ಅಷ್ಟೂ ಜನರನ್ನು ಮನಸ್ಸಿನಲ್ಲಿ ಬೈದೆ.

ಮಾರನೆಯ ದಿನ ಬೊರಮ್ ಸಹಿ ಹಾಕಿದಳು. ಕೋರ್ಟಿನ ತೀರ್ಪು ಬರುವವರೆಗೆ ಮಗುವನ್ನು ನೋಡಿಕೊಳ್ಳುವ ಸಾಕುತಾಯಿ ಬಂದು ಒಳಗಿನ ಕೋಣೆಯಲ್ಲಿ ಕೂತಿದ್ದಳು. ಬೊರಮ್ ಮಗುವನ್ನು ಎತ್ತಿಕೊಂಡು, ನಾನು ಬಟ್ಟೆಯ ಚೀಲ ಹಿಡಿದು, ಪಡಸಾಲೆಯಲ್ಲಿ ನಡೆಯುತ್ತಿದ್ದಾಗ ಹೊರಗಿನ ಬಾಗಿಲು ಧಡಾರನೆ ತೆರೆಯಿತು. ಅತ್ತೆ ಬಂದಿದ್ದರು. ಕೈತುಂಬ ಹಿಟ್ಟು, ಸೊಂಟದಲ್ಲಿ ಅಂಗಡಿಯ ಏಪ್ರನ್ನು, ಏದುಸಿರು.

"ಕೊಡಲ್ಲ!" ಎಂದು ಕಿರಿಚಿದರು. "ನನ್ನ ಮಗಳು ಹೆತ್ತ ಮಗು ಅದು! ನನ್ನ ಮಗಳ ಮಗು! ಯಾರಿಗೂ ಕೊಡಲ್ಲ!"

ಕೋಣೆ ಕೋಣೆಯಿಂದ ತಲೆಗಳು ಹೊರಗೆ ಬಂದವು. ನನ್ನ ಮಗಳ ಮಗು ಎಂಬ ಮಾತು ಆ ಬಾಯಿಂದ ಬಂದದ್ದು ಅದೇ ಮೊದಲು. ಬಾಂಗ್ ಮೇಡಂ ಓಡಿಬಂದು ಅತ್ತೆಯನ್ನು ಹಿಡಿಯಹೋದರು. ಬೊರಮ್ ಬೇಡವೆಂದು ತಲೆ ಆಡಿಸಿದಳು.

"ಸಹಿ ಹಾಕಿ ಆಯ್ತಾ?" ಎಂದು ಅತ್ತೆ ಕೇಳಿದರು.

"ಆಯ್ತು. ಆದ್ರೆ ತೀರ್ಪು ಬರೋವರೆಗೂ ವಾಪಸ್ ತಗೊಳ್ಳಬಹುದಂತೆ," ಎಂದಳು ಬೊರಮ್. ಮೆತ್ತಗೆ, ಮಗು ಏಳದ ಹಾಗೆ ಮಾತಾಡಿದಳು. "ಅಮ್ಮಾ, ಈಗ ಹೇಳಿದ್ಯಲ್ಲ, ನನ್ನ ಮಗಳ ಮಗು ಅಂತ. ಅದನ್ನ ಮಾರ್ಕೆಟ್ಟಲ್ಲಿ ನಿಂತು ಹೇಳ್ತೀಯಾ? ಹೇಳ್ತೀನಿ ಅನ್ನು. ಇವಳನ್ನ ಎತ್ಕೊಂಡು ಹೀಗೇ ನಿನ್ನ ಜೊತೆ ಬರ್ತೀನಿ. ಅತ್ತಿಗೆ ಮಡಿಲಿಗೆ ಹಾಕ್ತೀನಿ."

ಅತ್ತೆ ಬಾಯಿ ತೆರೆದರು. ನಾನು ಆ ಬಾಯಿಯನ್ನೇ ನೋಡಿದೆ. ಹೂಂ ಅನ್ನಿ, ಹೂಂ ಅನ್ನಿ ಎಂದುಕೊಂಡೆ. ಜಗತ್ತಿನಲ್ಲಿ ಅಷ್ಟು ಚಿಕ್ಕ ಮಾತು ಬೇರೆ ಇಲ್ಲ.

ಅತ್ತೆ ಒಮ್ಮೆ ಮಗುವನ್ನು ನೋಡಿದರು, ಒಮ್ಮೆ ಕೋಣೆಗಳಿಂದ ಇಣುಕುತ್ತಿದ್ದವರನ್ನು ನೋಡಿದರು. ಹಿಟ್ಟಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡರು.

"ಮೊದ್ಲು ಮನೆಗೆ ಬಾ," ಎಂದರು. "ಅದನ್ನೆಲ್ಲ ಆಮೇಲೆ ನೋಡೋಣ."

ಬೊರಮ್ ಇನ್ನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ಮಗುವನ್ನು ನನ್ನ ತೋಳಿಗೆ ಕೊಟ್ಟು, ಅದರ ಹಣೆಗೆ ಮುತ್ತಿಡುವಷ್ಟು ಹೊತ್ತು ನನಗೂ ಬಿಟ್ಟು, ತಿರುಗಿ ತೆಗೆದುಕೊಂಡು ಒಳಗೆ ಹೋದಳು. ಬಾಂಗ್ ಮೇಡಂ ಬಾಗಿಲು ಮುಚ್ಚಿದರು.

ಮುಚ್ಚಿದ ಬಾಗಿಲಿಗೆ ಅತ್ತೆ ಹೇಳುತ್ತಲೇ ಇದ್ದರು. "ನಾನು ಬೇಡ ಅಂದ್ನಾ? ಆಮೇಲೆ ನೋಡೋಣ ಅಂದೆ. ಏನೇ ಮಿರಾನ್, ನೀನೇ ಹೇಳು, ಬೇಡ ಅಂದ್ನಾ ನಾನು?"